ಅಕ್ಕನ ಬಳಿಗೆ ಹೋಗಲು ಹಾಕಿಸಿಕೊಂಡ ಲಸಿಕೆ

ಲಸಿಕೆ ಹಾಕಿಸಿಕೋ ಎಂದವರಿಗೂ ನಾನು ಬೇಕಾಗಿದ್ದೆ, ಬೇಡವೇ ಬೇಡ ಎಂದವರಿಗೂ ನಾನು ಬೇಕಾಗಿದ್ದೆ. ಕಷ್ಟ ಇದ್ದದ್ದೇ ಅಲ್ಲಿ. ಕೇಡು ಬಯಸುವವರು ಯಾರಾದರೂ ಬೇಡ ಅಂದಿದ್ದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಹೋಗಿಬಿಡುತ್ತಿದ್ದೆ. ಬೇಡ ಅಂದವಳು ನನ್ನ ನೀಲಕ್ಕ. ಬೇಕು ಅಂದವರು ನನ್ನ ಗಂಡ. ಇಬ್ಬರೂ ಒಂದೇ ಆಸ್ಪತ್ರೆಯ ಒಂದೇ ಕೋಣೆಯಲ್ಲಿ ನಾನು ಉಸಿರಿಗಾಗಿ ಯಂತ್ರಕ್ಕೆ ಜೋತುಬಿದ್ದಿದ್ದನ್ನು ನೋಡಿದವರು. ಒಂದೇ ದೃಶ್ಯವನ್ನು ಕಂಡು ಅವರಿಬ್ಬರೂ ಎರಡು ಬೇರೆ ತೀರ್ಮಾನಕ್ಕೆ ಬಂದಿದ್ದರು.

ನಾವು ಗದುಗಿನವರು. ನನ್ನ ಗಂಡ ನೌಕಾಪಡೆಯಲ್ಲಿರುವುದರಿಂದ ಮದುವೆಯಾದ ಮೇಲೆ ನನ್ನ ಸಂಸಾರವೆಲ್ಲ ವಿಶಾಖಪಟ್ಟಣದಲ್ಲೇ ಕಳೆದಿದೆ. ನೀಲಕ್ಕ ನನಗಿಂತ ಮೊದಲೇ ಆಂಧ್ರ ಸೇರಿದವಳು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ತೆಲುಗು ಮನೆತನದ ಹುಡುಗ ವ್ಯಾಪಾರಕ್ಕೆಂದು ನಮ್ಮ ಗದುಗಿನ ಬೆಟಗೇರಿಗೆ ಬರುತ್ತಿದ್ದವನು, ಅಕ್ಕನನ್ನು ಕೇಳಿಕೊಂಡು ಬಂದ. ಅವರೇ ಸತ್ಯಂ ಬಾವ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾವ ಅನ್ನುತ್ತೇವೆ. ಆದರೆ ಅವರಿಗೆ ಆ ಮಾತು ಕೇಳಿ ನಗು ಬರುತ್ತಿತ್ತು. ಹಾಗಾಗಿ ತೆಲುಗಿನವರಂತೆ ಬಾವ ಅನ್ನುವುದನ್ನೇ ರೂಢಿಸಿಕೊಂಡೆ. ಅವ್ವ ಅಪ್ಪ ಇಬ್ಬರೂ ತೀರಿಕೊಂಡ ಮೇಲೆ ನನಗೆ ತವರು ಅಂತ ಉಳಿದದ್ದು ಅಂಗಡಿಯ ಮೇಲಿನ ಆ ಎರಡನೆಯ ಮಹಡಿಯ ಮನೆ. ಹಬ್ಬಕ್ಕೆ ರೈಲು ಹತ್ತಿ ಅಲ್ಲಿಗೆ ಹೋದರೆ, ಕೆಳಗೆ ಆಟೋಗಳ ಗದ್ದಲ, ಒಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು.

ನನ್ನನ್ನು ಆ ಯಂತ್ರಕ್ಕೆ ಕಟ್ಟಿಹಾಕಿದ ಕಾಯಿಲೆ ಬಂದದ್ದು ಕೊರೊನಾ ಎಂಬ ಮಾತನ್ನು ಜನ ಕೇಳುವುದಕ್ಕಿಂತ ಒಂದೆರಡು ವರ್ಷ ಮುಂಚೆ. ಏನನ್ನೋ ತಿಂದು ಹೊಟ್ಟೆ ಕೆಟ್ಟಿತ್ತು. ಅದು ವಾಸಿಯಾಯಿತು ಅಂದುಕೊಂಡು, ಮಗಳು ಸ್ಫೂರ್ತಿಯನ್ನು ಕರೆದುಕೊಂಡು ಋಷಿಕೊಂಡದ ದಂಡೆಗೆ ಹೋಗಿದ್ದೆ. ಮರಳಿನಲ್ಲಿ ನಡೆಯುವಾಗ ಎಡಗಾಲಿನ ಚಪ್ಪಲಿ ಜಾರಿಹೋಯಿತು. ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ. "ಅಮ್ಮಾ, ನಿನ್ನ ಚಪ್ಪಲಿ ಅಲ್ಲೇ ಬಿತ್ತು" ಅಂತ ಮಗಳು ಹೇಳಿದಾಗ ತಿರುಗಿ ನೋಡಿದೆ. ಪಾದದಲ್ಲಿ ಇರುವೆ ಹರಿದಂತೆ ಜುಮುಜುಮು. ಮರುದಿನ ಮನೆಯ ಮೆಟ್ಟಿಲು ಹತ್ತಲಾಗಲಿಲ್ಲ. ಅದರ ಮರುದಿನ ಚಹಾದ ಲೋಟ ಎತ್ತಲಾಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಿದ ಮೇಲೆ ಉಸಿರೂ ಅದೇ ದಾರಿ ಹಿಡಿಯಿತು.

ಅದಕ್ಕೆ ಗಿಲಾನ್-ಬಾರೆ ಅಂತ ಹೆಸರು. ಡಾಕ್ಟರು ಜಿಬಿಎಸ್ ಅನ್ನುತ್ತಿದ್ದರು. ಮೈಯೊಳಗೆ ಬಂದ ಸೋಂಕನ್ನು ಹೊಡೆಯಲು ಹೊರಟ ಕಾವಲು, ಗುರಿ ತಪ್ಪಿ ನನ್ನದೇ ನರಗಳನ್ನು ಹೊಡೆಯುತ್ತಿದೆ ಅಂತ ನರರೋಗದ ಡಾಕ್ಟರ್ ನಾಗಮಣಿ ನನ್ನ ಗಂಡನಿಗೆ ಹೇಳಿದ್ದರಂತೆ. ನನಗೆ ಆಗ ಕೇಳಿಸುತ್ತಿತ್ತು, ತಿಳಿಯುತ್ತಿತ್ತು. ಬಾಯಲ್ಲಿ ಕೊಳವೆ ಇದ್ದುದರಿಂದ ಮಾತಾಡಲಾಗುತ್ತಿರಲಿಲ್ಲ. ಕಣ್ಣು ಮಾತ್ರ ನನ್ನ ಮಾತು ಕೇಳುತ್ತಿತ್ತು.

ಅಕ್ಕ ಬಂದದ್ದು ಆಗ. ಮನೆ, ಅಂಗಡಿಯ ಕೆಲಸ, ತನ್ನ ಸಕ್ಕರೆ ಕಾಯಿಲೆಯ ಗುಳಿಗೆಗಳ ಹೊತ್ತುಗೊತ್ತು, ಎಲ್ಲ ಬಿಟ್ಟು ಬಂದು ಐಸಿಯುವಿನ ಹೊರಗಿನ ಕುರ್ಚಿಯಲ್ಲಿ ಕೂತುಬಿಟ್ಟಳು. ಒಳಗೆ ಬಿಡುತ್ತಿದ್ದ ಸ್ವಲ್ಪ ಹೊತ್ತಿನಲ್ಲಿ ಉಳಿದವರೆಲ್ಲ ನನ್ನ ಕೈ ಹಿಡಿದು ಅಳುತ್ತಿದ್ದರು. ಅಕ್ಕ ಅಳುತ್ತಿರಲಿಲ್ಲ. "ಎಲ್ಲಿ ಕಡಿತೈತಿ ಹೇಳು. ಮೂಗೇನು? ಕಿವಿಯೇನು? ಬೆನ್ನೇನು?" ಅಂತ ಒಂದೊಂದೇ ಕೇಳಿ, ನಾನು ಕಣ್ಣು ಮಿಟುಕಿಸಿದ ಕಡೆ ಉಗುರಿನ ತುದಿಯಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಕೈ ಎತ್ತಲಾಗದೆ ಮಲಗಿದವರಿಗೆ ಮಾತ್ರ ಗೊತ್ತು, ಮೂಗಿನ ತುರಿಕೆ ಎಂಥ ಹಿಂಸೆ ಅನ್ನುವುದು. ಆ ಯಂತ್ರಗಳ ನಡುವೆ ನನಗೆ ಸಿಕ್ಕ ದೊಡ್ಡ ಸುಖ ಅದೇ.

ಸಾವಕಾಶವಾಗಿ ಎದ್ದೆ. ಗೋಡೆ ಹಿಡಿದು, ಅಕ್ಕನ ಭುಜ ಹಿಡಿದು, ಆಮೇಲೆ ಕೋಲು ಹಿಡಿದು, ಕೊನೆಗೆ ಏನನ್ನೂ ಹಿಡಿಯದೆ ನಡೆದೆ. ಎಡಪಾದ ಮಾತ್ರ ಪೂರ್ತಿ ನನ್ನದಾಗಲಿಲ್ಲ. ಈಗಲೂ ಬಿಸಿ ನೆಲ, ತಣ್ಣನೆಯ ನೆಲ ಅದಕ್ಕೆ ತಡವಾಗಿ ತಿಳಿಯುತ್ತದೆ. ಅಕ್ಕ ವಿಜಯವಾಡಕ್ಕೆ ಹಿಂತಿರುಗುವ ದಿನ ಸ್ಟೇಷನ್ನಿಗೆ ನಾನೇ ನಡೆದು ಹೋಗಿ ಅವಳನ್ನು ಕಳಿಸಿದೆ. ರೈಲು ಹೊರಟಾಗ ಅವಳು ಮೊದಲ ಸಲ ಅತ್ತಳು.

ಆಮೇಲೆ ಮಹಾಮಾರಿ ಬಂತು. ರೈಲುಗಳು ನಿಂತವು. ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವಿನ ದಾರಿ, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪುತ್ತಿದ್ದ ಆ ದಾರಿ, ಸಮುದ್ರದಾಚೆಯ ದೇಶದಷ್ಟು ದೂರವಾಯಿತು. ದಿನಾ ಫೋನಿನಲ್ಲಿ ಅವಳ ಮುಖ ನೋಡುತ್ತಿದ್ದೆ. ಅವಳು ಫೋನನ್ನು ಹೇಗೆ ಹಿಡಿಯುತ್ತಿದ್ದಳೆಂದರೆ ನನಗೆ ಕಾಣುತ್ತಿದ್ದದ್ದು ಅವಳ ಹಣೆ ಮತ್ತು ತಿರುಗುವ ಫ್ಯಾನು. "ಅಕ್ಕಾ, ಕೆಳಗ ಹಿಡಿ" ಅಂದರೆ ಗದ್ದ ಕಾಣುತ್ತಿತ್ತು. ಇಡೀ ಮುಖ ಎಂದೂ ಕಾಣಲಿಲ್ಲ. ಅವಳ ಸೀರೆಯ ವಾಸನೆಗೆ ಆಸೆಪಡುತ್ತಿದ್ದೆ. ನಲವತ್ತರ ಹತ್ತಿರದ ಹೆಂಗಸು ಹೀಗೆ ಹೇಳಿಕೊಳ್ಳಲು ನಾಚಬೇಕೋ ಏನೋ, ನನಗೆ ನಾಚಿಕೆ ಇಲ್ಲ.

ಲಸಿಕೆ ಬಂದಾಗ ಮೊದಲು ಹಾಕಿಸಿಕೊಂಡವರು ನನ್ನ ಗಂಡ. ಪಡೆಯವರಿಗೆ ಬೇಗ ಕೊಟ್ಟರು. ಒಂದು ದಿನ ಜ್ವರ ಬಂದು ಹೋಯಿತು. ಮೈಮೇಲೆ ಹೊದಿಕೆ ಹೊದ್ದುಕೊಂಡೇ ಅವರು ಹೇಳಿದರು, "ನಿನ್ನ ವಯಸ್ಸಿನವರಿಗೆ ಶುರುವಾದ ಕೂಡಲೇ ನೀನೂ ಹಾಕಿಸ್ಕೊ. ಒಮ್ಮೆ ನಿನ್ನ ಉಸಿರು ನಿಂತಿದ್ದನ್ನ ನೋಡೇನಿ. ಈ ರೋಗ ಬಂದ್ರ ಮೊದಲ ಹಿಡಿಯೂದು ಎದಿನ."

ಅದೇ ವಾರ ಅಕ್ಕನ ಫೋನು. "ಗಿರಿಜಾ, ನೀ ಆ ಸೂಜಿ ಮುಟ್ಟಬ್ಯಾಡ ನೋಡು."

"ಯಾಕಕ್ಕಾ?"

"ಮೈಯಾಗಿನ ಕಾವಲಿಗೆ ಸುಮ್ಮ ಸುಮ್ಮನ ಎಚ್ಚರ ಮಾಡೂದ ಲಸಿಕಿ ಅಲ್ಲೇನು? ನಿನ್ನ ಮೈಗೆ ಎಚ್ಚರ ಆದ್ರ ಏನ್ ಮಾಡ್ತೈತಿ ಅನ್ನೂದು ನಾ ಕಣ್ಣಾರೆ ನೋಡೇನಿ. ಮತ್ತೊಮ್ಮೆ ನೋಡಾಕ ನನ್ನ ಕೈಲಿ ಆಗಂಗಿಲ್ಲ."

"ಮತ್ತ ನೀನು?"

"ನಾ ಹಾಕಿಸ್ಕೋತೇನಿ. ನನಗ ಸಕ್ರಿ ಐತಿ. ನಂದ ಬ್ಯಾರೆ, ನಿಂದ ಬ್ಯಾರೆ."

ಅಕ್ಕ ಓದಿದ್ದು ಏಳನೆಯ ತರಗತಿ. ಆದರೂ ಅವಳ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಗಂಡನ ಮಾತಿನಲ್ಲೂ ತಪ್ಪು ಕಾಣಲಿಲ್ಲ. ಅವರಿಬ್ಬರೂ ಒಮ್ಮೆ ಫೋನಿನಲ್ಲೇ ಜಗಳಾಡಿದರು. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ನರಗಳ ಬಗ್ಗೆ, ನನ್ನ ಎದೆಗೂಡಿನ ಬಗ್ಗೆ ಅವರು ಮಾತಾಡುತ್ತಿದ್ದರು. ಯಾರೂ ನನ್ನನ್ನು ಕೇಳಲಿಲ್ಲ. ಮೊಬೈಲಿಗೆ ಬರುತ್ತಿದ್ದ ಸುದ್ದಿಗಳು ಬೇರೆ. ಒಬ್ಬರು ಕಳಿಸಿದ್ದರಲ್ಲಿ ಲಸಿಕೆ ಹಾಕಿಸಿಕೊಂಡವನು ಕುಸಿದು ಬಿದ್ದಿದ್ದ. ಇನ್ನೊಬ್ಬರು ಕಳಿಸಿದ್ದರಲ್ಲಿ ಹಾಕಿಸಿಕೊಳ್ಳದವನು ಆಸ್ಪತ್ರೆಯ ಬಾಗಿಲಲ್ಲಿ ಬಿದ್ದಿದ್ದ. ಕೊನೆಗೆ ಡಾಕ್ಟರ್ ನಾಗಮಣಿಯವರ ಹತ್ತಿರ ಹೋಗುವುದು ಅಂತಾಯಿತು.

ಕಾಯುವ ಕೋಣೆಯಲ್ಲಿ ಒಂದು ಬಿಟ್ಟು ಒಂದು ಕುರ್ಚಿಗೆ ಟೇಪಿನಿಂದ ಅಡ್ಡಗೆರೆ ಹಾಕಿದ್ದರು. ನನ್ನಿಂದ ಒಂದು ಕುರ್ಚಿ ಆಚೆ ನಡುಗುವ ಕೈಯ ಮುದುಕರೊಬ್ಬರು, ಅವರಿಂದ ಒಂದು ಕುರ್ಚಿ ಆಚೆ ಅವರ ಹೆಂಡತಿ. ಆಕೆಗೆ ಗಂಡನ ಕೈ ಹಿಡಿದು ರೂಢಿ ಇರಬೇಕು. ನಡುವಿನ ಖಾಲಿ ಕುರ್ಚಿಯ ಮೇಲೆ ಕೈ ಚಾಚಿ ಇಟ್ಟಿದ್ದರು. ಮುದುಕರೂ ಕೈ ಚಾಚಿದ್ದರು. ಅಡ್ಡಗೆರೆಯ ಮೇಲೆ ಎರಡು ಕೈ ಕೂಡಿದ್ದವು. ಅದನ್ನು ನೋಡಿ ನನಗೆ ತಡೆಯಲಾಗದಷ್ಟು ಅಕ್ಕನ ನೆನಪಾಯಿತು.

ಡಾಕ್ಟರ್ ನಾಗಮಣಿ ಮಾಸ್ಕಿನ ಮೇಲೆ ಕನ್ನಡಕ, ಅದರ ಮೇಲೆ ಪಾರದರ್ಶಕ ಹಾಳೆ ಹಾಕಿಕೊಂಡಿದ್ದರು. ಧ್ವನಿ ಮಾತ್ರ ಅದೇ. ತೆಲುಗಿನಲ್ಲಿ ಮಾತಾಡಿದರು. ನಾನು ನೇರವಾಗಿ ಕೇಳಿದೆ, "ಮತ್ತೆ ಬರ್ತದಾ ಡಾಕ್ಟರ್?"

"ಗೊತ್ತಿಲ್ಲ ಅಮ್ಮಾ" ಅಂದರು. ಆ ಒಂದು ಮಾತಿಗೆ ನನಗೆ ಅವರ ಮೇಲೆ ನಂಬಿಕೆ ಬಂತು. ಅಲ್ಲಿಯವರೆಗೆ ಎಲ್ಲರಿಗೂ ಎಲ್ಲ ಗೊತ್ತಿತ್ತು.

"ಈ ಲಸಿಕೆಗಳು ಹೊಸವು. ನಿಮ್ಮಂಥವರಿಗೆ ಹಾಕಿ ವರ್ಷಗಟ್ಟಲೆ ನೋಡಿದವರು ಯಾರೂ ಇಲ್ಲ. ಲಸಿಕೆ ಆದ ಮೇಲೆ ಈ ಕಾಯಿಲೆ ಬಂತು ಅನ್ನುವ ಮಾತು ಅಲ್ಲೊಂದು ಇಲ್ಲೊಂದು ಕೇಳ್ತಿದೆ. ಲಸಿಕೆಯಿಂದಲೇ ಬಂತು ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ. ಆದರೆ ಒಂದು ನೆನಪಿಡಿ. ನಿಮಗೆ ಮೊದಲು ಬಂದದ್ದು ಲಸಿಕೆಯಿಂದ ಅಲ್ಲ, ಹೊಟ್ಟೆಯ ಸೋಂಕಿನಿಂದ. ಈ ಹೊಸ ರೋಗವೂ ಒಂದು ಸೋಂಕೇ. ಅದು ಬಂದರೂ ನಿಮ್ಮ ನರಗಳು ಕೆರಳಬಹುದು. ಜೊತೆಗೆ ಶ್ವಾಸಕೋಶಕ್ಕೂ ಪೆಟ್ಟು."

"ನೀವಾಗಿದ್ದರೆ?"

"ನಾನಾಗಿದ್ದರೆ ಹಾಕಿಸಿಕೊಳ್ಳುತ್ತಿದ್ದೆ. ಭಯಪಟ್ಟುಕೊಂಡೇ ಹಾಕಿಸಿಕೊಳ್ಳುತ್ತಿದ್ದೆ. ಈಗ ಸಿಗುವ ಎರಡರಲ್ಲಿ, ಸತ್ತ ವೈರಸ್ಸಿನಿಂದ ಹಳೆಯ ವಿಧಾನದಲ್ಲಿ ಮಾಡಿದ್ದನ್ನು ಆರಿಸುತ್ತಿದ್ದೆ. ಹಾಕಿಸಿಕೊಂಡ ಮೇಲೆ ಒಂದಷ್ಟು ವಾರ ಪಾದದ ಮೇಲೆ ಕಣ್ಣಿಡುತ್ತಿದ್ದೆ. ನಿಮ್ಮ ವಯಸ್ಸಿನವರಿಗೆ ಇನ್ನೂ ಶುರುವಾಗಿಲ್ಲವಲ್ಲ, ಅಲ್ಲಿಯವರೆಗೆ ಯೋಚಿಸಿ. ಮನೆಯಿಂದ ಹೊರಗೆ ಹೋಗಬೇಡಿ."

ಮನೆಗೆ ಬಂದು ಯೋಚಿಸುತ್ತ ಕೂತೆ. ಆಗಲೇ ಎರಡನೆಯ ಅಲೆ ಬಂತು.

ಅಕ್ಕ ಮೊದಲ ಡೋಸು ಹಾಕಿಸಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ಅಂಗಡಿಯಿಂದ ಸತ್ಯಂ ಬಾವ ಜ್ವರ ಹೊತ್ತು ತಂದರು. ಅವರು ಮನೆಯಲ್ಲೇ ಗುಣವಾದರು. ಅಕ್ಕನಿಗೆ ಆಗಲಿಲ್ಲ. ಗನ್ನವರಂ ಕಡೆಗೆ ಹೋಗುವ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಹೇಗೋ ಒಂದು ಹಾಸಿಗೆ ಸಿಕ್ಕಿತು. ನೆಂಟರಲ್ಲಿ ಕೆಲವರು ಲಸಿಕೆಯಿಂದಲೇ ರೋಗ ಬಂತು ಅಂದರು. ಇನ್ನು ಕೆಲವರು ಲಸಿಕೆ ಹಾಕಿಸಿಕೊಂಡೂ ಏನು ಬಂತು ಅಂದರು. ನಾಗಮಣಿಯವರಿಗೆ ಫೋನು ಮಾಡಿದೆ. ಲಸಿಕೆ ಮೈಗೆ ಹತ್ತಲು ವಾರಗಳು ಬೇಕು, ಅಷ್ಟರಲ್ಲೇ ಸೋಂಕು ತಗುಲಿದೆ, ಈ ಲಸಿಕೆ ಆ ರೋಗವನ್ನು ಕೊಡುವುದಿಲ್ಲ ಅಂದರು. ನನಗೆ ಆಗ ಯಾವ ವಿವರಣೆಯೂ ಬೇಕಿರಲಿಲ್ಲ. ಅಕ್ಕನ ಹಾಸಿಗೆಯ ಪಕ್ಕದಲ್ಲಿ ಒಂದು ಕುರ್ಚಿ ಬೇಕಿತ್ತು.

ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬಾವ ಆಸ್ಪತ್ರೆಯ ಎದುರಿನ ಮರದ ಕೆಳಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದರು. ನಾನು ವಿಶಾಖಪಟ್ಟಣದಲ್ಲಿ ಬಾಲ್ಕನಿಯಲ್ಲಿ ಕೂತು ಕಾಯುತ್ತಿದ್ದೆ. ಅಕ್ಕನ ಮುಖದ ಮೇಲೆ ಆಕ್ಸಿಜನ್ ಮಾಸ್ಕು ಇದೆ ಅಂತ ಗೊತ್ತಿತ್ತು. ಅದರ ಅಂಚು ಮೂಗಿನ ಮೇಲೆ ಒತ್ತುತ್ತದೆ, ಅಲ್ಲಿ ತುರಿಸುತ್ತದೆ. ಅವಳಿಗೆ ಯಾರು ಕೆರೆಯುತ್ತಾರೆ? ಇಡೀ ದೇಶ ಹಾಸಿಗೆಗೆ, ಸಿಲಿಂಡರಿಗೆ ಅಲೆಯುತ್ತಿದ್ದಾಗ ನಾನು ಈ ಒಂದು ಯೋಚನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ಒಂದು ಮಧ್ಯಾಹ್ನ ನರ್ಸೊಬ್ಬಳು ತನ್ನದೇ ಫೋನಿನಿಂದ ಕರೆ ಮಾಡಿ, "ಅಕ್ಕನ ಜೊತೆ ಮಾತಾಡಿ, ಬೇಗ ಮುಗಿಸಿ" ಅಂದಳು. ಅವಳ ಹೆಸರು ಕೇಳಲೂ ಆಗಲಿಲ್ಲ. ಅವಳು ಎಲ್ಲಿದ್ದರೂ ಚೆನ್ನಾಗಿರಲಿ. ಅಕ್ಕನಿಗೆ ಮಾತಾಡಲು ದಮ್ಮು ಸಾಲುತ್ತಿರಲಿಲ್ಲ.

"ಗಿರಿಜಾ... ಬರಬ್ಯಾಡ" ಅಂದಳು.

ಬಾ ಅನ್ನಲು ಆಗದವರು ಮಾತ್ರ ಬರಬೇಡ ಅಂತ ಹಾಗೆ ಹೇಳುತ್ತಾರೆ.

ಅಕ್ಕ ಉಳಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಮನೆಗೆ ಬಂದಳು. ಆದರೆ ಶ್ವಾಸಕೋಶ ಗಟ್ಟಿಯಾಗಿಬಿಟ್ಟಿತ್ತು. ಹಾಸಿಗೆಯ ಪಕ್ಕದಲ್ಲಿ ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಯಂತ್ರ, ಅದರಿಂದ ಮೂಗಿಗೆ ಕೊಳವೆ. ಕೊಳವೆ ಎಲ್ಲಿಯವರೆಗೆ ಉದ್ದವೋ ಅಲ್ಲಿಯವರೆಗೆ ಅವಳ ಮನೆ. ಅಡುಗೆಮನೆಯ ಹೊಸ್ತಿಲಿಗೆ ಬಂದರೆ ಮುಗಿಯಿತು. ಬಾವ ಅಡುಗೆ ಮಾಡಲು ಕಲಿಯುತ್ತಿದ್ದರು. ಫೋನಿನಲ್ಲಿ ಅಕ್ಕ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಅವರಿಗೆ ಹೇಳಿಕೊಡುವುದು ಕೇಳಿಸುತ್ತಿತ್ತು. ಒಂದು ವಾಕ್ಯಕ್ಕೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ನನ್ನ ವಯಸ್ಸಿನವರಿಗೂ ಲಸಿಕೆ ಶುರುವಾಗಿತ್ತು. ಇಷ್ಟು ದಿನ ತಕ್ಕಡಿಯ ಒಂದು ಕಡೆ ನನ್ನ ನರ, ಇನ್ನೊಂದು ಕಡೆ ನನ್ನ ಶ್ವಾಸಕೋಶ ಇಟ್ಟು ತೂಗುತ್ತಿದ್ದೆ. ತೂಕ ಯಾವ ಕಡೆಗೂ ವಾಲಿರಲಿಲ್ಲ. ಈಗ ಅಕ್ಕನನ್ನು ಇಟ್ಟೆ. ಲಸಿಕೆ ಇಲ್ಲದೆ ರೈಲು ಹತ್ತಿದರೆ ದಾರಿಯಲ್ಲಿ ಸೋಂಕು ಹಿಡಿದು ಅದನ್ನೇ ಅವಳ ಹಾಸಿಗೆಗೆ ಒಯ್ಯಬಹುದು. ಲಸಿಕೆ ಹಾಕಿಸಿಕೊಂಡರೂ ಆ ಅಪಾಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ ಅಂತ ಡಾಕ್ಟರು ಹೇಳಿದ್ದರು. ಹೋಗದೆ ಇರುವುದು ಎಂಬ ಮೂರನೆಯ ದಾರಿ ನನ್ನ ಕೈಲಾಗದ್ದು. ಇಷ್ಟೇ ನನ್ನ ಲೆಕ್ಕ. ಇದು ವಿಜ್ಞಾನ ಅಂತ ನಾನು ಹೇಳುತ್ತಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬರಿದ್ದರೆ ಬೇರೆ ಥರ ತೂಗಬಹುದಿತ್ತು.

ಗಂಡನಿಗೆ ಹೇಳಿದೆ. ಅವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. "ಹಾಕಿಸ್ಕೊ ಅಂತ ಅಷ್ಟ ದಿನ ಹೇಳಿದವ ನಾನ. ಈಗ ನನಗ ಅಂಜಿಕಿ ಆಗಾಕತ್ತೈತಿ" ಅಂದರು. ಅಕ್ಕನಿಗೆ ಹೇಳಲಿಲ್ಲ.

ಒಂದು ಶಾಲೆಯಲ್ಲಿ ಲಸಿಕೆ ಹಾಕುತ್ತಿದ್ದರು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿ ಕೂತಿದ್ದರು. ನನ್ನ ಹಳೆಯ ಕಾಯಿಲೆಯ ಹೆಸರು ಹೇಳಿದ ಕೂಡಲೇ ಅಲ್ಲಿದ್ದ ಎಳೆಯ ಡಾಕ್ಟರ್ ಪೆನ್ನು ಕೆಳಗಿಟ್ಟ. "ನಿಮಗೆ ಹಾಕಲು ನನಗೆ ಧೈರ್ಯವಿಲ್ಲ ಮೇಡಂ" ಅಂದ. ನಾಗಮಣಿಯವರಿಗೆ ಫೋನು ಹಚ್ಚಿಕೊಟ್ಟೆ. ಅವನು ಮೂಲೆಗೆ ಹೋಗಿ ಬಹಳ ಹೊತ್ತು ಮಾತಾಡಿದ. ನನ್ನ ಹಿಂದಿನ ಸಾಲು ಗೊಣಗಲು ಶುರುಮಾಡಿತು. ನಾನು ಎದ್ದು ಹೋಗಿಬಿಡಬಹುದಿತ್ತು. ಡಾಕ್ಟರೇ ಬೇಡ ಅಂದ ಅಂತ ಎಲ್ಲರಿಗೂ ಹೇಳಬಹುದಿತ್ತು. ಅಂಥ ಒಳ್ಳೆಯ ನೆಪ ಮತ್ತೆ ಸಿಗುವುದಿಲ್ಲ ಅಂತ ಗೊತ್ತಿದ್ದೂ ಬೆಂಚಿಗೆ ಅಂಟಿಕೊಂಡು ಕೂತೆ. ಅವನು ಬಂದು ತಲೆಯಾಡಿಸಿದ. ನರ್ಸು ಸೂಜಿ ಚುಚ್ಚಿದ್ದು ಗೊತ್ತಾಗಲೇ ಇಲ್ಲ. ಆಮೇಲೆ ಅರ್ಧ ಗಂಟೆ ಕೂರಿಸಿದರು. ಕಪ್ಪು ಹಲಗೆಯ ಮೇಲೆ ಯಾವುದೋ ಹಳೆಯ ದಿನದ ಗುಣಾಕಾರ ಅಳಿಸದೆ ಉಳಿದಿತ್ತು. ಅದನ್ನೇ ನೋಡುತ್ತ ಕೂತಿದ್ದೆ.

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಕಾಲ್ಬೆರಳು ಆಡಿಸುವುದು ನನ್ನ ಪೂಜೆಯಾಯಿತು. ಸ್ಫೂರ್ತಿ ಪೆನ್ಸಿಲಿನ ತುದಿಯಿಂದ ನನ್ನ ಅಂಗಾಲು ಮುಟ್ಟಿ, "ಇಲ್ಲಿ ಗೊತ್ತಾಗ್ತದಾ? ಇಲ್ಲಿ?" ಅಂತ ಕೇಳುತ್ತಿದ್ದಳು. ಅವಳಿಗೆ ಕನ್ನಡಕ್ಕಿಂತ ತೆಲುಗು ಸಲೀಸು. ಆದರೆ ನನ್ನ ಕಾಲು ಮುಟ್ಟುವಾಗ ಮಾತ್ರ ಕನ್ನಡದಲ್ಲೇ ಕೇಳುತ್ತಿದ್ದಳು.

ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಬಂತು. ಜುಮುಜುಮು. ಮೊದಲು ಎಡಪಾದ, ಆಮೇಲೆ ಬಲಪಾದ.

ಯಾರಿಗೂ ಹೇಳದೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಒಲೆಯ ಮೇಲೆ ಹಾಲು ಉಕ್ಕಿತು. ಹಾಲಿನ ವಾಸನೆಗೆ ಗಂಡ ಒಳಗೆ ಬಂದರು. ನನ್ನ ಮುಖ ನೋಡಿದರು, ಪಾದ ನೋಡಿದರು. ಗ್ಯಾಸು ಆರಿಸಿ ಗಾಡಿಯ ಕೀಲಿ ತೆಗೆದುಕೊಂಡರು. ದಾರಿಯುದ್ದಕ್ಕೂ ಬಲಗಡೆ ಸಮುದ್ರ ಕಾಣುತ್ತಿತ್ತು. ಇನ್ನು ಅಕ್ಕನ ಹತ್ತಿರ ಹೋಗುವುದು ಮುಗಿಯಿತು ಅಂದುಕೊಂಡೆ. ಸಾಯುತ್ತೇನೆ ಅಂತ ಅನಿಸಲಿಲ್ಲ. ಅವಳನ್ನು ನೋಡದೆ ಉಳಿಯುತ್ತೇನೆ ಅಂತ ಅನಿಸಿತು.

ಡಾಕ್ಟರ್ ನಾಗಮಣಿ ನನ್ನನ್ನು ಎತ್ತರದ ಮೇಜಿನ ಅಂಚಿಗೆ ಕೂರಿಸಿದರು. ಕಾಲು ತೂಗಾಡುತ್ತಿದ್ದವು. ರಬ್ಬರಿನ ಸುತ್ತಿಗೆ ತೆಗೆದರು. ಮೊದಲ ಕಾಯಿಲೆಯಲ್ಲಿ ಇದೇ ಸುತ್ತಿಗೆಯಿಂದ ಎಷ್ಟು ತಟ್ಟಿದರೂ ನನ್ನ ಕಾಲು ಕಟ್ಟಿಗೆಯ ಹಾಗೆ ಸುಮ್ಮನಿತ್ತು. ಹಾಗೆ ಸುಮ್ಮನಿರುವುದೇ ಆ ಕಾಯಿಲೆಯ ಗುರುತು.

"ಕಣ್ಣು ಮುಚ್ಚಿ" ಅಂದರು.

ಮುಚ್ಚಿದೆ. ಮೊಣಕಾಲಿನ ಕೆಳಗೆ ಟಕ್ ಅಂತ ತಟ್ಟಿತು. ನನ್ನ ಅಪ್ಪಣೆ ಕೇಳದೆ, ನನಗೆ ಹೇಳದೆ, ನನ್ನ ಕಾಲು ಮುಂದಕ್ಕೆ ನೆಗೆಯಿತು. ಇನ್ನೊಂದನ್ನು ತಟ್ಟಿದರು. ಅದೂ ನೆಗೆಯಿತು.

ಕಣ್ಣು ಬಿಟ್ಟಾಗ ಡಾಕ್ಟರು ಮಾಸ್ಕಿನೊಳಗೆ ನಗುತ್ತಿದ್ದರು. "ಏನೂ ಇಲ್ಲ ಅಮ್ಮಾ. ಹಳೆಯ ನರ, ಜೊತೆಗೆ ಹೊಸ ಭಯ. ಎರಡು ದಿನ ಬಿಟ್ಟು ಮತ್ತೆ ಬನ್ನಿ, ಮತ್ತೆ ತಟ್ಟುತ್ತೇನೆ." ಮೂಲೆಯಲ್ಲಿ ನಿಂತಿದ್ದ ನನ್ನ ಗಂಡ, ಬಿರುಗಾಳಿಯಲ್ಲಿ ಹಡಗಿನ ಮೇಲೆ ನಿಂತ ಮನುಷ್ಯ, ಗೋಡೆಗೆ ಒರಗಿ ಹಾಗೇ ಕೆಳಗೆ ಕೂತುಬಿಟ್ಟರು. ಎರಡು ದಿನ ಬಿಟ್ಟು ಹೋದಾಗಲೂ ಕಾಲು ನೆಗೆಯಿತು. ಜುಮುಜುಮು ತಾನಾಗಿ ಹೋಯಿತು.

ಆಮೇಲೆ ಸ್ವಲ್ಪ ದಿನಕ್ಕೆ ಎರಡು ಮಾಸ್ಕು ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ಗೋದಾವರಿ ಸೇತುವೆಯ ಮೇಲೆ ಕಿಟಕಿ ಪೂರ್ತಿ ತೆಗೆದೆ. ವಿಜಯವಾಡ ತಲುಪಿದ ಮೇಲೂ ಅಕ್ಕನ ಕೋಣೆಗೆ ಹೋಗದೆ, ಅಂಗಡಿಗೂ ಮನೆಗೂ ನಡುವಿನ ಮಹಡಿಯ ಗೋದಾಮಿನಲ್ಲಿ, ಸೂಜಿ ದಾರದ ಪೆಟ್ಟಿಗೆಗಳ ನಡುವೆ, ಪರೀಕ್ಷೆ ಮಾಡಿಸಿಕೊಂಡು ಕೆಲವು ದಿನ ಬೇರೆ ಇದ್ದೆ. ತಲೆಯ ಮೇಲೆ ಅವಳ ಯಂತ್ರದ ಗುಂಯ್ ಸದ್ದು ಕೇಳಿಸುತ್ತಿತ್ತು. ಅಷ್ಟು ಹತ್ತಿರ ಬಂದೂ ಕಾಯುವುದು ವಿಶಾಖಪಟ್ಟಣದಲ್ಲಿ ಕಾದದ್ದಕ್ಕಿಂತ ಕಷ್ಟವಾಗಿತ್ತು.

ಕೊನೆಗೆ ಮೇಲೆ ಹೋದೆ. ಅಕ್ಕ ಅರ್ಧ ಆಗಿದ್ದಳು. ನನ್ನನ್ನು ನೋಡಿ ನಗಲಿಲ್ಲ, ಅಳಲಿಲ್ಲ.

"ಕಾಲ ತೋರಸು" ಅಂದಳು.

ಲಸಿಕೆಯ ವಿಷಯ ಬಾವನಿಗಷ್ಟೇ ಹೇಳಿದ್ದೆ, ಅವರು ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಮಂಚದ ಮೇಲೆ ಕಾಲು ಚಾಚಿದೆ. ಅವಳು ಒಂದೊಂದೇ ಬೆರಳನ್ನು ಹಿಡಿದು, ಮಡಚಿ, ಬಿಡಿಸಿ ನೋಡಿದಳು. ಆಮೇಲೆ ಪಾದವನ್ನು ಮಡಿಲಿಗೆ ಎಳೆದುಕೊಂಡು ಸುಮ್ಮನೆ ಇಟ್ಟುಕೊಂಡಳು.

"ನನ್ನ ಮಾತ ಕೇಳಲಿಲ್ಲ ನೀ" ಅಂದಳು.

"ಇಲ್ಲಕ್ಕಾ."

"ಛಲೋ ಆತು ಬಿಡು."

ಮಳೆಗಾಲವೆಲ್ಲ ಅಲ್ಲೇ ಇದ್ದೆ. ಅವಳ ತಲೆ ಬಾಚಿದೆ, ಸ್ನಾನ ಮಾಡಿಸಿದೆ, ಕೊಳವೆಯಿಂದ ಕಿವಿಯ ಹಿಂದೆ ಆದ ಗಾಯಕ್ಕೆ ಹತ್ತಿ ಇಟ್ಟೆ. ಕರೆಂಟು ಹೋದರೆ ಸಿಲಿಂಡರಿಗೆ ಬದಲಾಯಿಸುವುದನ್ನು ಕಲಿತೆ. ಮಾತಿಗೆ ಅವಳಿಗೆ ದಮ್ಮು ಸಾಲದು, ಹಾಗಾಗಿ ನಾನೇ ಮಾತಾಡುತ್ತಿದ್ದೆ. ಬೆಟಗೇರಿಯ ನಮ್ಮ ಓಣಿಯ ಒಂದೊಂದೇ ಮನೆಯ ಹೆಸರು ಹೇಳುತ್ತ ಹೋಗುತ್ತಿದ್ದೆ. ಒಂದು ಮನೆ ಬಿಟ್ಟರೆ ಅವಳು ಬೆರಳೆತ್ತಿ ನಿಲ್ಲಿಸುತ್ತಿದ್ದಳು. ಒಮ್ಮೆ ಅವಳು ಅಂದಳು, "ಸಮುದ್ರ ನೋಡಬೇಕು ಗಿರಿಜಾ. ನಿನ್ನ ಊರಿಗೆ ಬಂದಾಗ ಬರೇ ಆಸ್ಪತ್ರಿ ನೋಡಿದೆ." ಗುಣವಾದ ಮೇಲೆ ಹೋಗೋಣ ಅಂದೆ. ಅವಳು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಹೂಂ" ಅಂದಳು.

ಎರಡನೆಯ ಡೋಸಿನ ಹೊತ್ತು ಬಂದಾಗ ನಾನು ಮುಂದೂಡಲು ನೋಡಿದೆ. ಒಮ್ಮೆ ತಪ್ಪಿಸಿಕೊಂಡೆ, ಮತ್ತೊಮ್ಮೆ ಯಾಕೆ ಎಂಬ ಭಯ. ಅಕ್ಕನೇ ಕಳಿಸಿದಳು. "ಅರ್ಧ ಮಾಡಿ ಬಿಟ್ರ ಮಾಡಿದ್ದೂ ಹಾಳು. ಹೋಗು, ನಾ ಇಲ್ಲೇ ಇರ್ತೇನಿ" ಅಂದಳು. ಬಾವನ ಸ್ಕೂಟರಿನ ಹಿಂದೆ ಕೂತು ಹೋಗಿ ಹಾಕಿಸಿಕೊಂಡು ಬಂದೆ. ಆ ಸಲ ಬರೀ ಜ್ವರ ಬಂತು. ನಾನು ಕೆಳಗೆ ಗೋದಾಮಿನಲ್ಲಿ ಮಲಗಿದ್ದಾಗ ಅಕ್ಕ ಮೇಲಿನಿಂದ ನೆಲಕ್ಕೆ ಚಮಚದಿಂದ ಕುಟ್ಟಿ, ಹೇಗಿದ್ದೀ ಅಂತ ಕೇಳುತ್ತಿದ್ದಳು. ನಾನು ಕಬ್ಬಿಣದ ಕಪಾಟಿಗೆ ಬಡಿದು ಉತ್ತರ ಕೊಡುತ್ತಿದ್ದೆ.

ಅಕ್ಕ ಸಂಕ್ರಾಂತಿಯನ್ನು ನೋಡಲಿಲ್ಲ. ಕೊನೆಯ ಗಳಿಗೆಯಲ್ಲಿ ನಾನು ಹತ್ತಿರವೇ ಇದ್ದೆ. ಹಗಲು, ಕಿಟಕಿ ತೆರೆದಿತ್ತು, ಕೆಳಗೆ ಆಟೋದವರು ಜಗಳಾಡುತ್ತಿದ್ದರು. ಅವಳ ಕೈ ನನ್ನ ಕೈಯಲ್ಲಿತ್ತು. ಆ ವರ್ಷಗಳಲ್ಲಿ ತನ್ನವರ ಕೈ ಹಿಡಿಯಲು ಸಿಗದವರು ಎಷ್ಟು ಜನ ಅನ್ನುವುದು ನನಗೆ ಗೊತ್ತು. ಅದಕ್ಕೇ ಇದನ್ನು ಹೇಳಲು ಒಂದು ಥರ ಸಂಕೋಚ.

ಈಗಲೂ ಯಾರಾದರೂ ನನ್ನ ಹಳೆಯ ಕಾಯಿಲೆಯ ವಿಷಯ ತಿಳಿದು, "ನೀವು ಹಾಕಿಸಿಕೊಂಡಿರಲ್ಲ, ನಾವೂ ಹಾಕಿಸಿಕೊಳ್ಳಬಹುದಾ?" ಅಂತ ಫೋನು ಮಾಡುತ್ತಾರೆ. ಹೌದು ಅಂತಲೂ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಗೊತ್ತಿಲ್ಲ ಅನ್ನುವಷ್ಟು ಪ್ರಾಮಾಣಿಕರಾದ ಡಾಕ್ಟರನ್ನು ಹುಡುಕಿಕೊಳ್ಳಿ ಅನ್ನುತ್ತೇನೆ. ಭಯಪಡುವುದು ತಪ್ಪಲ್ಲ ಅನ್ನುತ್ತೇನೆ. ನನಗೆ ಏನೂ ಆಗಲಿಲ್ಲ ಅಂತ ಮಾತ್ರ ನಾನು ಎಂದೂ ಹೇಳುವುದಿಲ್ಲ. ಏನೂ ಆಗದೆ ಇರಲಿಲ್ಲ. ಅಕ್ಕನ ಜೊತೆ ಒಂದು ಮಳೆಗಾಲ ಸಿಕ್ಕಿತು.

ಸತ್ಯಂ ಬಾವ ಅಂಗಡಿ ನಡೆಸುತ್ತಲೇ ಇದ್ದಾರೆ. ಇಷ್ಟು ವರ್ಷದಲ್ಲಿ ಅವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿರಲೇ ಇಲ್ಲ. ಮನೆಯಲ್ಲಿ ಅಕ್ಕನೇ ತೆಲುಗು ಕಲಿತಿದ್ದಳು, ಅವರು ಕಲಿಯುವ ಗೋಜಿಗೆ ಹೋಗಲಿಲ್ಲ ಅಂದುಕೊಂಡಿದ್ದೆ. ಅಕ್ಕನ ತಿಥಿಯೆಲ್ಲ ಮುಗಿದು ನಾನು ವಿಶಾಖಪಟ್ಟಣಕ್ಕೆ ಬಂದ ಮೇಲೆ ಒಂದು ಸಂಜೆ ಅವರ ಫೋನು ಬಂತು. ಎತ್ತಿದೆ. ಹಿಂದೆ ಅಂಗಡಿಯ ಗದ್ದಲ ಕೇಳಿಸುತ್ತಿತ್ತು.

"ಏನ್ ಮಾಡಾಕತ್ತಿ ತಂಗಿ?" ಅಂದರು. ಅಕ್ಷರ ಅಕ್ಷರವೂ ನಮ್ಮ ಓಣಿಯದು.

ಫೋನನ್ನು ಕಿವಿಗೆ ಒತ್ತಿಕೊಂಡೆ. ಅವರು ತೆಲುಗಿನಲ್ಲಿ, ತಪ್ಪು ಮಾಡಿದವರಂತೆ ಹೇಳಿದರು, "ನಾವಿಬ್ಬರೇ ಇದ್ದಾಗ ಅವಳು ನನ್ನ ಜೊತೆ ಇದೇ ಮಾತಾಡುತ್ತಿದ್ದಳು. ಈಗ ಮನೆಯಲ್ಲಿ ಯಾರೂ ಆಡುವುದಿಲ್ಲ. ಮರೆತುಹೋದೀತು ಅಂತ ಭಯ. ದಿನಾ ಸ್ವಲ್ಪ ಹೊತ್ತು ಮಾತಾಡ್ತೀಯಾ ಅಮ್ಮಾ?"

ಅಂದಿನಿಂದ ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಅವರು ಫೋನು ಮಾಡುತ್ತಾರೆ. ನಾನು ಗದುಗಿನ ಕನ್ನಡದಲ್ಲಿ ಏನಾದರೂ ಹೇಳುತ್ತೇನೆ, ಅವರು ತಡವರಿಸುತ್ತ ಉತ್ತರ ಕೊಡುತ್ತಾರೆ. ಒಮ್ಮೊಮ್ಮೆ ಅವರ ಬಾಯಿಂದ ನನಗೇ ಮರೆತುಹೋದ ಒಂದು ಮಾತು ಬರುತ್ತದೆ. ಅದನ್ನು ಇನ್ನೊಮ್ಮೆ ಹೇಳ್ರಿ ಅನ್ನುತ್ತೇನೆ.